ಐದನೆಯ ಬಾಗಿಲು

ಗಾಜಿನ ಎದುರಿಗೆ ನಿಲ್ಲುವವು ದೊಡ್ಡವು,
ಎದೆ ಸೆಟೆಸಿ, ರಸ್ತೆಯ ಕಡೆ ಮುಖ ಮಾಡಿ.
ಇದನ್ನು ನಿಲ್ಲಿಸುವುದು ಒಳಗೆ,
ನೀರಿನ ಕೂಲರ್ ಪಕ್ಕ, ಶೌಚಕ್ಕೆ ಹೋಗುವ ದಾರಿಯಲ್ಲಿ.
ತಿಂಗಳಿಗೆ ಅತಿ ಹೆಚ್ಚು ಹೋಗುವುದು ಇದೇ.
ಒಂದು ಮಾರಿದರೆ ನನ್ನ ಕೈಗೆ ಬರುವುದು ಮಾತ್ರ
ದೊಡ್ಡದರ ಕಾಲು ಭಾಗ.
ಹಾಗಾಗಿ ಇದರ ಗುಣಗಾನಕ್ಕೆ
ನಾನು ಎತ್ತಿಟ್ಟಿರುವುದು ನಾಲ್ಕೇ ನಿಮಿಷ.

ಅದಿರಿನ ದುಡ್ಡು ಹರಿಯುವಾಗ
ಬಳ್ಳಾರಿಯಲ್ಲಿ ಚಿಕ್ಕ ಕಾರು ಕೇಳಿದರೆ
ವಾಚ್‌ಮನ್ನೂ ನಗುತ್ತಿದ್ದನಂತೆ.
ಮ್ಯಾನೇಜರ್ ಎರ್ರಿಸ್ವಾಮಿ ಚಹಾ ಹೊತ್ತಿಗೆಲ್ಲ ಇದನ್ನೇ ಹೇಳುತ್ತಾರೆ,
ಆರಿದ ಲೋಟವನ್ನೂ ಊದುತ್ತಾ.

ಮಾಬುನ್ನಿ ಬಂದದ್ದು ಏಪ್ರಿಲ್ ಮಧ್ಯಾಹ್ನ,
ಕೌಲ್ ಬಜಾರಿನಿಂದ ಆಟೋದಲ್ಲಿ,
ಮೂವರು ಟೇಲರುಗಳನ್ನು ಕರಕೊಂಡು.
ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಿತ್ತು.
ತೆಗೆಯಲು ಮರೆತಿದ್ದಾಳೆ ಅಂದುಕೊಂಡೆ.

ಶುರು ಹಚ್ಚಿಕೊಂಡೆ:
ಲೀಟರಿಗೆ ಇಪ್ಪತ್ತೆರಡು, ಎರಡು ಏರ್‌ಬ್ಯಾಗು,
ನಲವತ್ತೆರಡು ಡಿಗ್ರಿಗೂ ಜಗ್ಗದ ಎಸಿ,
ಹಿಂದೆ ಸರಿದರೆ ಕೂಗಿ ಹೇಳುವ ಸೆನ್ಸರು,
ಬೆರಳು ತಾಗಿದರೆ ಹಾಡುವ ಪರದೆ...
"ಪರದೆ ಬಿಡಪ. ಡಿಕ್ಕಿ ತೆಗಿ."

ಟೇಪು ಮರೆತದ್ದಲ್ಲ.
ಉದ್ದ, ಅಗಲ, ಆಳ.
ಹಿಂದಿನ ಸೀಟು ಮಡಚಿಸಿ ಮತ್ತೊಮ್ಮೆ.
ತುಟಿಯೊಳಗೇ ಗುಣಿಸಿದಳು:
"ಮುನ್ನೂರು ಪ್ಯಾಂಟು. ಓಬಳೇಶ ಕಟ್ಟಿದ್ರೆ ಇನ್ನೂ ಇಪ್ಪತ್ತು."
ಮುಂಡರಗಿಯ ವಾಷಿಂಗ್ ಯೂನಿಟ್ಟಿಗೆ ದಿನಕ್ಕೆರಡು ಸಲ.
ಇಷ್ಟು ವರ್ಷದಲ್ಲಿ ಮೊದಲ ಬಾರಿ ನಾನು
ಡಿಕ್ಕಿಗೆಷ್ಟು ಲೀಟರೆಂದು ಬ್ರೋಷರ್ ತಿರುವಿ ಹುಡುಕಿದೆ.
ಜೀನ್ಸಿನ ಲೆಕ್ಕ ಅದರಲ್ಲಿರಲಿಲ್ಲ.

ಸೀಟು ನೆಟ್ಟಗಾಯಿತು. ಮೂವರನ್ನೂ ಹಿಂದೆ ಕೂರಿಸಿದಳು.
ದಾದಾಪೀರನ ತಲೆ ಮೇಲೆ ತಾಗಿತು,
"ತಗ್ಗಿ ಕೂತ್ಕೋ, ಮಷಿನ್ ಮುಂದೆ ಕೂರಲ್ವಾ?"

"ಈ ಮಾಡೆಲ್‌ಗೆ ಹಿಂದಿನ ಗಾಜು ಕೈಲೆ ತಿರುವಬೇಕಮ್ಮ,
ಮೇಲಿನದು ತಗೊಂಡ್ರೆ ಸ್ವಿಚ್ಚು" ಎಂದೆ,
ನಲವತ್ತೈದು ಸಾವಿರ ಏರಿಸುವ ಆಸೆಯಿಂದ.
ಹಿಂದಿನಿಂದ ಹುಲಿಗೆಮ್ಮ:
"ಕಾಲಿಲೆ ಮಷಿನ್ ತುಳಿದು ಮಕ್ಕಳನ್ನ ಓದಿಸಿವಿ,
ಕೈಲೆ ಗಾಜು ತಿರುವೋದು ಭಾರ ಆಗ್ತತಾ?"

ಆಮೇಲೆ ಮಾಬುನ್ನಿ ಸೀಟಿನ ಅಂಚಿಗೆ ಉಗುರು ಹಾಕಿ
ಹೊಲಿಗೆ ಎಣಿಸುತ್ತಾ ಹೋದಳು, ಜಪ ಮಾಡುವಂತೆ.
ಒಂದು ಕಡೆ ದಾರ ಬಿಟ್ಟಿತ್ತು.
ಬಗ್ಗಿ, ಹಲ್ಲಿನಿಂದ ಕಡಿದು, ನನ್ನ ಅಂಗೈಗಿಟ್ಟಳು.
"ಇದಕ್ಕೆಷ್ಟು ಬಿಡ್ತಿ?"

ನಗುವುದೋ ಬೇಡವೋ ತಿಳಿಯದೆ ನಿಂತಿದ್ದೆ.
"ತಿರುಗು" ಅಂದಳು. ತಿರುಗಿದೆ.
ನನ್ನ ಸೊಂಟದ ಹಿಂದೆ ಇಟಲಿಯ ಹೆಸರಿನ ಚರ್ಮದ ಚೀಟಿ.
"ಎಷ್ಟು ಕೊಟ್ಟಿ?"
"ಹದಿನೆಂಟು ನೂರು. ಹುಬ್ಬಳ್ಳಿ ಮಾಲಲ್ಲಿ."
"ಈ ಜೇಬಿನ ಮೂಲೆ ನಮ್ಮ ಹುಲಿಗೆಮ್ಮನ ಕೈ.
ಮುನ್ನೂರಾ ಹತ್ತಕ್ಕೆ ನಾನು ಹಾಕಿದ್ದು."
ಬಾನೆಟ್ಟಿನ ಮೇಲೆ ಹೊಳೆಯುವ ಲಾಂಛನಕ್ಕೆ ಟೇಪಿನ ತುದಿ ಮುಟ್ಟಿಸಿ:
"ಈಗ ಹೇಳು. ಇದ್ರಾಗ ಚೀಟಿಗೆಷ್ಟು, ಬಟ್ಟೆಗೆಷ್ಟು?"

ಟ್ರೇನಿಂಗಿನಲ್ಲಿ ಇದನ್ನು ಕಲಿಸಿರಲಿಲ್ಲ.
ಎರ್ರಿಸ್ವಾಮಿ ಕ್ಯಾಬಿನ್ನಿಂದ ಎದ್ದು ಬಂದರು,
ಒಂಬತ್ತು ಸಾವಿರ ಇಳಿಸಿದರು, ಮ್ಯಾಟು ಪುಕ್ಕಟೆ ಎಂದರು.
ಬಣ್ಣ ಕೇಳಿದರೆ, ಬಿಳಿ ಬೇಡ,
ನಮ್ಮೂರ ಧೂಳಿನದೇ ಒಂದು ಕೊಡಿ.

ಮೊನ್ನೆ ರಾಯಲ್ ಸರ್ಕಲ್ ಸಿಗ್ನಲ್ಲಿನಲ್ಲಿ ಕಂಡಿತು,
ಹಿಂದೆ ತಗ್ಗಿ, ಮೂಗು ಮೇಲೆತ್ತಿ.
ಹಿಂದಿನ ಬಾಗಿಲು ಮುಚ್ಚಿರಲಿಲ್ಲ,
ಡೆನಿಮ್ಮಿನ ಪಟ್ಟಿಯಿಂದ ಬಿಗಿದು ಕಟ್ಟಿತ್ತು.
ಅದರ ಬೆನ್ನಿಗೆ, ನಾನೇ ಮಾರಿದ ದೊಡ್ಡದೊಂದು
ಬಿಡದೆ ಹಾರ್ನ್ ಹಾಕುತ್ತಿತ್ತು.
ಹಸಿರು ಬಿತ್ತು.
ಸಂದಿಯಿಂದ ಒಂದು ನೀಲಿ ಕಾಲು ಹೊರಚಾಚಿ
ಒದೆಯುತ್ತಾ ಹೋಯಿತು ಗಾಳಿಯನ್ನು.